ರಸ್ತೆಯಲ್ಲಿ ಕಳೆದ ಲೆಕ್ಕ

ಬೆಂಗಳೂರಿನ ಟ್ರಾಫಿಕ್ ಬಗ್ಗೆ ನಾವೆಲ್ಲ ಗೊಣಗುತ್ತೇವೆ. ಕೆಲಸಕ್ಕೆ ತಡವಾಯಿತು, ಮದುವೆಯ ಊಟ ತಪ್ಪಿತು ಎನ್ನುತ್ತೇವೆ. ಕಂಪೆನಿಗಳ ಲೆಕ್ಕ ತಪಾಸಣೆಯೂ ಇದೇ ರಸ್ತೆಯಲ್ಲಿ ಸಿಕ್ಕಿಕೊಂಡಿದೆ ಎಂಬುದು ಮಾತ್ರ ನಮಗೆ ಹೊಳೆಯುವುದಿಲ್ಲ.

ಮಾರ್ಚ್ 31 ಬಂತೆಂದರೆ ಗೋದಾಮುಗಳಲ್ಲಿ ಸರಕಿನ ಎಣಿಕೆ. ಮಲ್ಲೇಶ್ವರದ ಆಡಿಟರ್ ಕಚೇರಿಯಿಂದ ತರಬೇತಿಯ ಹುಡುಗನೊಬ್ಬ ಜಿಗಣಿಯ ಕಾರ್ಖಾನೆಗೆ ಹೊರಟನೆನ್ನಿ. ಟಾಮ್‌ಟಾಮ್ ಸಂಸ್ಥೆಯ ಪ್ರಕಾರ 2023ರಲ್ಲಿ ನಗರದ ನಡುಭಾಗದಲ್ಲಿ 10 ಕಿ.ಮೀ. ದಾಟಲು ಸರಾಸರಿ 28 ನಿಮಿಷ ಬೇಕಿತ್ತು. 2025ರ ಆಗಸ್ಟ್‌ನಲ್ಲಿ ಮೆಟ್ರೊ ಬೊಮ್ಮಸಂದ್ರ ಮುಟ್ಟಿತು, ನಿಜ. ಅಲ್ಲಿಂದ ಜಿಗಣಿಗೆ ಮತ್ತೆ ರಸ್ತೆಯೇ ಗತಿ. ಹೋಗಿಬರುವಷ್ಟರಲ್ಲಿ ಅರ್ಧ ದಿನ ಮುಗಿಯುತ್ತದೆ.

ಈ ಅರ್ಧ ದಿನದ ಬೆಲೆ ತೆರುವವರು ಯಾರು? 2013ರ ಕಂಪೆನಿ ಕಾಯ್ದೆಯ 142ನೇ ಕಲಮಿನಂತೆ ಆಡಿಟರ ಸಂಭಾವನೆಯಲ್ಲಿ ಶುಲ್ಕದ ಜೊತೆಗೆ ತಪಾಸಣೆಯ ಖರ್ಚೂ ಸೇರುತ್ತದೆ. ಹೀಗೆ ಟ್ಯಾಕ್ಸಿಯ ಹಣ ಸಿಕ್ಕೀತು. ಕಳೆದ ಗಂಟೆಗಳ ಹಣ? ಶುಲ್ಕವನ್ನು ಮೊದಲೇ ಚೌಕಾಶಿ ಮಾಡಿ ಕಟ್ಟಿಹಾಕಿರುತ್ತಾರೆ. ಉಳಿಯುವ ದಾರಿ ಎರಡೇ. ಹುಡುಗ ನಿದ್ದೆಗೆಟ್ಟು ದುಡಿಯಬೇಕು, ಇಲ್ಲವೇ ನೋಡಬೇಕಾದದ್ದನ್ನು ನೋಡದೆ ಬಿಡಬೇಕು.

ಮೊದಲನೆಯದು ಅನ್ಯಾಯ, ಎರಡನೆಯದು ಅಪಾಯ. ಸರಕಿನ ಮೌಲ್ಯ ಗಣನೀಯವಾಗಿದ್ದರೆ ಎಣಿಕೆಯ ವೇಳೆ ಆಡಿಟರು ಹಾಜರಿರಬೇಕೆಂದು ಎಸ್‌ಎ 501 ಎಂಬ ಲೆಕ್ಕಪರಿಶೋಧನಾ ಮಾನದಂಡ ಹೇಳುತ್ತದೆ. ಬೇರೆ ದಾರಿಯಿಲ್ಲದ ಕಡೆ ಸಮಯ, ಖರ್ಚುಗಳ ನೆಪ ಹೇಳಿ ತಪಾಸಣೆ ಬಿಡುವಂತಿಲ್ಲ ಎಂದೂ ಎಚ್ಚರಿಸುತ್ತದೆ. 'ಫೋಟೊ ಕಳಿಸುತ್ತೇವೆ, ಬರುವುದೇಕೆ?' ಎನ್ನುವವರಿಗೆ ಸತ್ಯಂ ಕಂಪೆನಿಯನ್ನು ನೆನಪಿಸಬೇಕು. ಲೆಕ್ಕದಲ್ಲಿ ತೋರಿಸಿದ್ದ ಸುಮಾರು 5,000 ಕೋಟಿ ರೂಪಾಯಿ ಇಲ್ಲವೇ ಇಲ್ಲವೆಂದು ಅದರ ಅಧ್ಯಕ್ಷ ರಾಮಲಿಂಗ ರಾಜು 2009ರ ಜನವರಿ 7ರಂದು ಒಪ್ಪಿಕೊಂಡರು. ಅದಕ್ಕೆ ಟ್ರಾಫಿಕ್ ಕಾರಣವಲ್ಲ. ಆದರೆ ಕಾಗದವನ್ನೇ ನಂಬಿ ಕೂತರೆ ಏನಾಗುತ್ತದೆಂಬುದಕ್ಕೆ ಅದು ಸಾಕ್ಷಿ. ಮುಳುಗಿದ್ದು ಸಣ್ಣ ಷೇರುದಾರರ ಉಳಿತಾಯ.

ನಾವು ಕತೆ ಬರೆಯುವವರು, ಲೆಕ್ಕ ಬಲ್ಲವರಲ್ಲ. ಆದರೆ ನೋಡದೆ ಬರೆದ ಲೆಕ್ಕ ಬರೀ ಕತೆ ಎಂಬುದಷ್ಟು ಗೊತ್ತು. ಆದ್ದರಿಂದ ಶುಲ್ಕ ಗೊತ್ತುಮಾಡುವಾಗ ರಸ್ತೆಯ ಗಂಟೆಗಳನ್ನೂ ಎಣಿಸಿ, ಆ ಗಂಟೆಗಳಿಗೆ ಹುಡುಗನ ಕೈಗೂ ಹಣ ಕೊಡಿ. ಶುಲ್ಕ ಏರಿತೆಂದು ಕಂಪೆನಿಗಳು ಕೂಗಾಡಬಹುದು. ಕೂಗಾಡಲಿ. ಬಸ್ ನಿಲ್ದಾಣದಲ್ಲಿ ನಿಂತ ಬಡವನ ಕೂಗು ಕೇಳಿಸದ ವಿಧಾನಸೌಧಕ್ಕೆ ಇವರ ಕೂಗಾದರೂ ಕೇಳಿಸೀತು.