ಬೆಲೆ ಏರಿದಾಗ ಬೇಳೆ ಬಿಡಬೇಡಿ

ಬೆಲೆ ಏರಿಕೆಗೂ ವೈದ್ಯರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಖಂಡಿತ ಇದೆ. ಈ ತಿಂಗಳು ದಿನಸಿ ಚೀಟಿಯಿಂದ ನೀವು ಹೊಡೆದುಹಾಕಿದ ಪದಾರ್ಥ ನಾಲ್ಕಾರು ತಿಂಗಳ ನಂತರ ವೈದ್ಯರ ಚೀಟಿಯಲ್ಲಿ ಟಾನಿಕ್ಕಿನ ಅಥವಾ ಕಬ್ಬಿಣಾಂಶದ ಮಾತ್ರೆಯ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಸುಸ್ತು, ತಲೆಸುತ್ತು, ಮೆಟ್ಟಿಲು ಹತ್ತಿದರೆ ಏದುಸಿರು, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಎಂದು ಹೇಳಿಕೊಂಡು ಬರುವವರ ಊಟದ ವಿವರ ಕೇಳಿದರೆ, ಎಷ್ಟೋ ಸಲ ಕಾರಣ ಅಡುಗೆಮನೆಯಲ್ಲೇ ಸಿಗುತ್ತದೆ.

ದಿನಸಿ ದುಬಾರಿಯಾಗುವುದು ನಮಗೆ ಹೊಸದೇನಲ್ಲ. ತೊಗರಿಯ ಕಣಜವೆನಿಸಿದ ಕಲಬುರಗಿ ನಮ್ಮಲ್ಲೇ ಇದ್ದರೂ 2015ರ ಅಕ್ಟೋಬರ್‌ನಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತ್ತು. ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕೂ ಹೆಚ್ಚು ಹೊರಗಿನಿಂದ ಬರುವುದರಿಂದ, 2022ರಲ್ಲಿ ಉಕ್ರೇನಿನಲ್ಲಿ ಯುದ್ಧ ಶುರುವಾದೊಡನೆ ಅದರ ಬಿಸಿ ನಮ್ಮ ಒಗ್ಗರಣೆಗೂ ತಟ್ಟಿತು. ಕೋಲಾರದಂಥ ದೊಡ್ಡ ಮಾರುಕಟ್ಟೆ ಪಕ್ಕದಲ್ಲೇ ಇದ್ದರೂ 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿತು. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿನ ದರ ಲೀಟರಿಗೆ 4 ರೂಪಾಯಿ ಹೆಚ್ಚಾಯಿತು. ಏರಿದ್ದರಲ್ಲಿ ಕೆಲವು ಮತ್ತೆ ಇಳಿದದ್ದೂ ಉಂಟು. ಆದರೆ ಬೆಲೆ ಏರಿದಾಗ ಮಾಡಿಕೊಂಡ ಊಟದ ಅಭ್ಯಾಸ, ಬೆಲೆ ಇಳಿದ ಮೇಲೂ ಉಳಿದುಬಿಡುತ್ತದೆ. ನನ್ನ ಆತಂಕ ಇರುವುದು ಇಲ್ಲೇ.

ಕೈ ಬಿಗಿಯಾದಾಗ ಮನೆಗಳಲ್ಲಿ ಏನಾಗುತ್ತದೆ? ಮೊದಲು ಸಾರು ತೆಳ್ಳಗಾಗುತ್ತದೆ. ನಂತರ ಪಲ್ಯ ವಾರಕ್ಕೆ ಎರಡು ದಿನಕ್ಕೆ ಇಳಿಯುತ್ತದೆ. ಹಣ್ಣು ನಿಲ್ಲುತ್ತದೆ, ಮೊಟ್ಟೆ ಭಾನುವಾರಕ್ಕೆ ಸೀಮಿತವಾಗುತ್ತದೆ, ಹಾಲು ಕಾಫಿಗೆ ಮಾತ್ರ ಎಂದಾಗುತ್ತದೆ. ಆದರೆ ಅನ್ನದ ರಾಶಿ ಕುಗ್ಗುವುದಿಲ್ಲ. ಸಕ್ಕರೆ, ಬಿಸ್ಕತ್ತು, ಸಂಜೆಯ ಬೋಂಡ ಇವಾವುವೂ ನಿಲ್ಲುವುದಿಲ್ಲ. ಬಿಸ್ಕತ್ತು, ನೂಡಲ್ಸ್, ಪೊಟ್ಟಣದ ಕುರುಕಲು ತಿಂಡಿಗಳ ತೆರಿಗೆಯಂತೂ 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿಯಿತು. ಹೊಟ್ಟೆ ತುಂಬಿಸುವುದು ಅಗ್ಗ, ಮೈಗೆ ಹತ್ತುವುದು ದುಬಾರಿ ಎಂಬ ಸ್ಥಿತಿ ಇದು. ಇಂಥ ಊಟದಿಂದ ತೂಕ ಕಡಿಮೆಯಾಗುವುದಿಲ್ಲ, ಎಷ್ಟೋ ಜನರಲ್ಲಿ ಹೆಚ್ಚುತ್ತದೆ. ಆದ್ದರಿಂದ ಮೈಯಲ್ಲಿ ಕೊರತೆ ಇದೆ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ.

ಇನ್ನೊಂದು ಮಾತನ್ನು ನೇರವಾಗಿ ಹೇಳಬೇಕು. ಉಳಿತಾಯ ಮೊದಲು ಶುರುವಾಗುವುದು ಮನೆಯೊಡತಿಯ ತಟ್ಟೆಯಿಂದ. ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದ ಸಾರನ್ನು ಅನ್ನಕ್ಕೆ ಕಲಸಿಕೊಂಡು, ಮೇಲೊಂದು ಲೋಟ ಕಾಫಿ ಕುಡಿದು ಊಟ ಮುಗಿಸುವ ತಾಯಂದಿರು ಈಗಲೂ ಇದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಇದನ್ನು ತ್ಯಾಗ ಎಂದು ಹೊಗಳುವುದು ಬೇಡ. ಇದು ಕಾಯಿಲೆ. ಮನೆಯ ಗಂಡಸರು ಒಂದು ವಾರ ತಮ್ಮ ಹೆಂಡತಿ, ತಾಯಿ, ಸೊಸೆಯ ತಟ್ಟೆಯಲ್ಲಿ ಏನಿದೆ ಎಂದು ಗಮನಿಸಿ ನೋಡಲಿ.

ಹಾಗಾದರೆ ಏನು ಮಾಡಬೇಕು? ನಾನು ನನ್ನ ಬಳಿ ಬರುವವರಿಗೆ ಹೇಳುವುದು 'ಆರು ಗ್ರಾಂ ಲೆಕ್ಕ'. ವಯಸ್ಕರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ ಸುಮಾರು 0.83 ಗ್ರಾಂ ಪ್ರೋಟೀನು ಬೇಕು, ಅಂದರೆ 60 ಕಿಲೋ ತೂಗುವವರಿಗೆ ಹತ್ತಿರ ಹತ್ತಿರ 50 ಗ್ರಾಂ. 30 ಗ್ರಾಂ ಯಾವುದೇ ಬೇಳೆ ಅಥವಾ ಕಾಳು, ಒಂದು ಮೊಟ್ಟೆ, 200 ಮಿಲಿಲೀಟರ್ ಹಾಲು, ಒಂದು ಹಿಡಿ ಅಂದರೆ 25 ಗ್ರಾಂ ಕಡಲೆಕಾಯಿ ಬೀಜ - ಇವುಗಳಲ್ಲಿ ಪ್ರತಿಯೊಂದರಿಂದಲೂ ಸಿಗುವುದು ಸುಮಾರು ಆರು ಗ್ರಾಂ. ಅಕ್ಕಿ, ರಾಗಿ, ಗೋಧಿಯಿಂದ ಒಂದಿಷ್ಟು ಬರುತ್ತದೆ. ಉಳಿದದ್ದಕ್ಕೆ ಈ ನಾಲ್ಕರಲ್ಲಿ ಆ ವಾರ ಯಾವುದು ಅಗ್ಗವೋ ಅದನ್ನು ಹೆಚ್ಚು ತನ್ನಿ. ತೊಗರಿ ದುಬಾರಿಯಾದರೆ ಹುರುಳಿ, ಹೆಸರು, ಅಲಸಂದೆ, ಕಡಲೆ ಇವೆ. ಪ್ರೋಟೀನಿನ ಮಟ್ಟಿಗೆ ಹುರುಳಿ ತೊಗರಿಗೆ ಸರಿಸಾಟಿ. ಬಡವರ ಕಾಳು ಎಂಬ ಹೆಸರು ಅದಕ್ಕೆ ಹೇಗೆ ಬಂತೋ, ಗುಣದಲ್ಲಿ ಅದು ಬಡವಾಗಿಲ್ಲ. ಕಾಳು ಬೇಯಿಸಿ ಕಟ್ಟಿನಲ್ಲಿ ಬಸ್ಸಾರು, ಕಾಳಿನಲ್ಲಿ ಪಲ್ಯ ಮಾಡುವ ನಮ್ಮ ಅಜ್ಜಿಯರ ಪದ್ಧತಿಯಲ್ಲಿ ಏನೂ ವ್ಯರ್ಥವಾಗುತ್ತಿರಲಿಲ್ಲ.

ತರಕಾರಿಯಲ್ಲೂ ಹೀಗೆಯೇ. ಟೊಮೆಟೊ ಏರಿದರೆ ಹುಳಿಗೆ ಹುಣಸೆಹಣ್ಣು ಇದೆ. ನುಗ್ಗೆ, ದಂಟು, ಹರಿವೆ ಸೊಪ್ಪುಗಳಲ್ಲಿ ದೂರದಿಂದ ಬರುವ ದುಬಾರಿ ತರಕಾರಿಗಳಿಗಿಂತ ಹೆಚ್ಚಿನ ಪೋಷಕಾಂಶಗಳಿವೆ. ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿದರೆ ಅದರಲ್ಲಿನ ಕಬ್ಬಿಣಾಂಶ ಹೆಚ್ಚು ದಕ್ಕುತ್ತದೆ. ಊಟವಾದ ಕೂಡಲೇ ಕಾಫಿ, ಟೀ ಕುಡಿದರೆ ಕಡಿಮೆ ದಕ್ಕುತ್ತದೆ. ಕಾಫಿಯನ್ನು ಒಂದು ಗಂಟೆ ಮುಂದಕ್ಕೆ ಹಾಕುವುದಕ್ಕೆ ಖರ್ಚೇನೂ ಇಲ್ಲವಲ್ಲ! ಕಾಯಿಲೆಯವರನ್ನು ನೋಡಲು ಹೋಗುವಾಗ ಸೇಬು ಒಯ್ಯುವುದು ರೂಢಿ. ಆದರೆ ಸಿ ಜೀವಸತ್ವದಲ್ಲಿ ಸೇಬನ್ನು ಸೀಬೆ ಎಷ್ಟೋ ಪಾಲು ಮೀರಿಸುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಮೊಳಕೆ ಬರಿಸಿ ಹಿಟ್ಟು ಮಾಡಿದರೆ ಅದು ಮೈಗೆ ಇನ್ನೂ ಚೆನ್ನಾಗಿ ಸೇರುತ್ತದೆ.

ಕಡಿತ ಮಾಡಲೇಬೇಕೆಂದರೆ ಎಣ್ಣೆ ಮತ್ತು ಸಕ್ಕರೆಯಿಂದ ಆರಂಭಿಸಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಂತೆ, 2000 ಕ್ಯಾಲೊರಿಯ ಊಟದಲ್ಲಿ ದಿನಕ್ಕೆ ಒಬ್ಬರಿಗೆ 27 ಗ್ರಾಂ ಎಣ್ಣೆ ಕೊಬ್ಬು ಸಾಕು. ನಾಲ್ವರ ಕುಟುಂಬಕ್ಕೆ ತಿಂಗಳಿಗೆ ಮೂರೂಕಾಲು ಕಿಲೋ ಆಯಿತು. ನಿಮ್ಮ ಮನೆಯಲ್ಲಿ ಎಷ್ಟು ಖರ್ಚಾಗುತ್ತಿದೆ ಎಂದು ಲೆಕ್ಕ ಹಾಕಿ. ಹಾಗೆಯೇ ಹಾಲಿಗೆ ಬೆರೆಸುವ ಪುಡಿಗಳ ಡಬ್ಬಿ. ಇಂಥ ಪೇಯಗಳನ್ನು 'ಆರೋಗ್ಯ ಪೇಯ' ಎಂಬ ವರ್ಗದಿಂದ ತೆಗೆಯುವಂತೆ ಕೇಂದ್ರ ವಾಣಿಜ್ಯ ಸಚಿವಾಲಯ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟಗಾರರಿಗೆ ಸೂಚಿಸಿತ್ತು. ಆ ಡಬ್ಬಿಯ ದುಡ್ಡಿಗೆ ಎಷ್ಟು ಮೊಟ್ಟೆ, ಎಷ್ಟು ಕಡಲೆಕಾಯಿ ಬರುತ್ತದೆಂದು ಅಂಗಡಿಯಲ್ಲೇ ನಿಂತು ಯೋಚಿಸಿ.

ಎಲ್ಲಿ ಉಳಿತಾಯ ಸಲ್ಲದು ಎಂಬುದೂ ತಿಳಿದಿರಲಿ. ಬೆಲೆ ಏರಿದಾಗಲೆಲ್ಲ ಕಲಬೆರಕೆ ತಲೆ ಎತ್ತುತ್ತದೆ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಅರ್ಜಿಮೋನ್ ಎಂಬ ಕಳೆಗಿಡದ ಬೀಜದ ಎಣ್ಣೆ ಬೆರೆತು, ಮೈ ಊದಿಕೊಂಡು ಅನೇಕರು ಸತ್ತರು. ತೊಗರಿಬೇಳೆಗೆ ಬೆರೆಸುವ ಕೇಸರಿ ಬೇಳೆಯನ್ನು ಬಹುಕಾಲ ಹೆಚ್ಚಾಗಿ ತಿಂದರೆ ಕಾಲುಗಳ ಸ್ವಾಧೀನ ತಪ್ಪಬಹುದು. ಹೆಸರಿಲ್ಲದ ಬಿಡಿ ಎಣ್ಣೆ, ಮಾರುಕಟ್ಟೆ ದರಕ್ಕಿಂತ ತೀರಾ ಅಗ್ಗದ ಬೇಳೆ, ಕಣ್ಣು ಕುಕ್ಕುವ ಹಳದಿಯ ಅರಿಶಿನ ಪುಡಿ ಬೇಡ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ಎಳೆ ಮಕ್ಕಳ ಹಾಲಿಗೆ, ಹಾಲಿನ ಪುಡಿಗೆ ಹೆಚ್ಚು ನೀರು ಬೆರೆಸಿ ಪೂರೈಸಬೇಡಿ.

ಎಲ್ಲಕ್ಕಿಂತ ಮುಖ್ಯವಾಗಿ, ರಕ್ತದೊತ್ತಡದ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ದಿನ ಬಿಟ್ಟು ದಿನ ನುಂಗಿ ದುಡ್ಡು ಉಳಿಸಬೇಡಿ. ದಿನಸಿಗೆ ಹೊಂದಿಸಲು ಹೀಗೆ ಮಾಡುವ ಹಿರಿಯರು ಮನೆಯವರಿಗೂ ಹೇಳುವುದಿಲ್ಲ, ವೈದ್ಯರಿಗೂ ಹೇಳುವುದಿಲ್ಲ. ಕೊನೆಗೆ ಲಕ್ವ ಹೊಡೆದಾಗಲೇ ಗೊತ್ತಾಗುವುದು. ಈ ಮಾತ್ರೆಗಳು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ, ಜನೌಷಧಿ ಮಳಿಗೆಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ನಿಮ್ಮ ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ. ಕೇಳುವುದರಲ್ಲಿ ಅವಮಾನವೇನೂ ಇಲ್ಲ.

ಇಷ್ಟು ಹೇಳಿ ಎಲ್ಲ ಭಾರವನ್ನೂ ಗೃಹಿಣಿಯ ಜಾಣತನದ ಮೇಲೆ ಹೊರಿಸುವುದು ನ್ಯಾಯವಲ್ಲ. 2013ರಲ್ಲಿ ಆರಂಭವಾದ ಅನ್ನಭಾಗ್ಯ ಬಡವರ ಒಲೆ ಆರದಂತೆ ನೋಡಿಕೊಂಡಿತು. ಆದರೆ ಹೊಟ್ಟೆಯ ಹಸಿವು ಬೇರೆ, ರಕ್ತದ ಹಸಿವು ಬೇರೆ. ಹೆಚ್ಚುವರಿ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಕಿಟ್ ನೀಡಲು ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿತು. ಬೇಳೆ ಕೊಡುವುದು ಸರಿಯಾದ ಹೆಜ್ಜೆ. ಸಕ್ಕರೆಯ ಜಾಗದಲ್ಲಿ ಇನ್ನೊಂದು ಕಾಳು ಇರಬೇಕೆಂಬುದು ನನ್ನ ಅಭಿಪ್ರಾಯ. ಸರ್ಕಾರ ಇಂದು ಬೇಳೆಗೆ ಹಾಕುವ ದುಡ್ಡು ನಾಳೆ ಆಸ್ಪತ್ರೆಯ ಖರ್ಚಿನಲ್ಲಿ ಉಳಿಯುತ್ತದೆ.

ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತಾರೆ. ದುಬಾರಿ ಕಾಲದಲ್ಲಿ ಊಟ ಬಲ್ಲವರಾಗುವುದೆಂದರೆ, ಏನನ್ನು ಬಿಡಬೇಕು, ಏನನ್ನು ಬಿಡಬಾರದು ಎಂದು ತಿಳಿಯುವುದು. ಮುಂದಿನ ಸಲ ದಿನಸಿ ಚೀಟಿ ಬರೆಯುವಾಗ ಬೇಳೆ, ಕಾಳು, ಸೊಪ್ಪುಗಳನ್ನು ಮೊದಲು ಬರೆಯಿರಿ. ಸಕ್ಕರೆ, ಬಿಸ್ಕತ್ತುಗಳನ್ನು ಕೊನೆಗೆ ಬರೆಯಿರಿ. ದುಡ್ಡು ಸಾಲದಿದ್ದರೆ ಕೆಳಗಿನಿಂದ ಹೊಡೆದುಹಾಕುತ್ತ ಬನ್ನಿ.