ಯಂತ್ರ ಕೂಗುವುದು ಯಾರ ಕಿವಿಗೆ?

ಹೊಸ ಕಾರು ಕೊಂಡವರ ಮನೆಗೆ ಹೋದರೆ ಈಗ ಚಹಾಕ್ಕಿಂತ ಮೊದಲು ಕಾರಿನ ಗುಣಗಾನ ಬರುತ್ತದೆ. ಗೆರೆ ದಾಟಿದರೆ ಸ್ಟಿಯರಿಂಗ್ ತಾನೇ ಎಳೆಯುತ್ತದಂತೆ, ಮುಂದಿನ ವಾಹನ ನಿಂತರೆ ಬ್ರೇಕ್ ತಾನೇ ಬೀಳುತ್ತದಂತೆ. ಸುಳ್ಳಲ್ಲ. ಇಂಥ ಬ್ರೇಕಿನಿಂದ, ಮುಂದಿನ ವಾಹನಕ್ಕೆ ಹಿಂದಿನಿಂದ ಗುದ್ದುವ ಅಪಘಾತಗಳು ಅರ್ಧದಷ್ಟು ತಗ್ಗುತ್ತವೆಂದು ಅಮೆರಿಕದ ವಿಮಾ ಕಂಪೆನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆ ಲೆಕ್ಕ ಹಾಕಿದೆ. ಜೀವ ಉಳಿಸುವ ವಸ್ತುವನ್ನು ಬೇಡವೆನ್ನಲು ನಮಗೇನು ಹುಚ್ಚೇ? ನಮ್ಮ ತಕರಾರು ಬೇರೆ. ಯಂತ್ರ ಎಡವಿದಾಗ ಕೋರ್ಟಿನ ಮೆಟ್ಟಿಲು ಹತ್ತುವವರು ಯಾರು?

ಈ ಕಾರುಗಳಲ್ಲಿ ಸ್ಟಿಯರಿಂಗ್, ವೇಗ, ಬ್ರೇಕ್ ಮೂರನ್ನೂ ಯಂತ್ರ ನೋಡಿಕೊಳ್ಳಬಹುದು. ಹೊಣೆ ಮಾತ್ರ ಪೂರ್ತಿ ಚಾಲಕನದು. ಜಾಹೀರಾತಿನಲ್ಲಿ ಕಾರೇ ಜಾಣ, ಕೈಪಿಡಿಯ ಸಣ್ಣ ಅಕ್ಷರದಲ್ಲಿ ಚಾಲಕನೇ ಜವಾಬ್ದಾರ. ಗಂಟೆಗಟ್ಟಲೆ ಏನೂ ಮಾಡದೆ ಕೂತಿರು, ಆದರೆ ಒಂದೇ ಕ್ಷಣದಲ್ಲಿ ಎಲ್ಲವನ್ನೂ ಮಾಡಲು ಸಿದ್ಧನಾಗಿರು ಎಂದರೆ ಅದು ಮನುಷ್ಯನಿಂದ ಆಗುವ ಕೆಲಸವೇ? ಭಾಷಣ ಕೇಳುತ್ತಲೇ ತೂಕಡಿಸುವ ಜನ ನಾವು.

2018ರ ಮಾರ್ಚಿನಲ್ಲಿ ಅಮೆರಿಕದ ಅರಿಜೋನಾ ರಾಜ್ಯದ ಟೆಂಪಿ ಎಂಬಲ್ಲಿ, ರಾತ್ರಿ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬಳಿಗೆ ಊಬರ್ ಕಂಪೆನಿಯ ಸ್ವಯಂಚಾಲಿತ ಕಾರು ಡಿಕ್ಕಿ ಹೊಡೆದು ಕೊಂದಿತು. ಅದು ಪರೀಕ್ಷೆಗೆ ಬಿಟ್ಟ ಕಾರು, ಅಂಗಡಿಯಲ್ಲಿ ಸಿಗುವಂಥದ್ದಲ್ಲ, ನಿಜ. ಆದರೆ ಚಾಲಕರ ಸೀಟಿನಲ್ಲಿದ್ದಾಕೆಯ ಕೆಲಸ ಅದೇ: ಕೂತು ಕಾಯುವುದು. ಯಂತ್ರ ಆ ಪಾದಚಾರಿಯನ್ನು 5 ಸೆಕೆಂಡಿಗೂ ಮೊದಲೇ ಕಂಡಿತ್ತೆಂದು ತನಿಖೆ ಹೇಳಿತು. ವಾಹನ ಎಂದಿತು, ಸೈಕಲ್ ಎಂದಿತು, ಕೊನೆಯವರೆಗೂ ಮನುಷ್ಯಜೀವಿ ಎನ್ನಲಿಲ್ಲ. ಜೀಬ್ರಾ ಪಟ್ಟೆಯಿಲ್ಲದ ಕಡೆಯೂ ಜನ ರಸ್ತೆ ದಾಟುತ್ತಾರೆಂಬುದು ಅದರ ವಿನ್ಯಾಸದಲ್ಲೇ ಇರಲಿಲ್ಲ! ಆ ವೋಲ್ವೊ ಕಾರಿನಲ್ಲಿ ಮೊದಲೇ ಇದ್ದ ತುರ್ತು ಬ್ರೇಕು, ಊಬರ್‌ನ ಯಂತ್ರ ಓಡಿಸುವಾಗ ಕೆಲಸ ಮಾಡದಂತೆ ಏರ್ಪಾಡಾಗಿತ್ತು. ಸೀಟಿನಲ್ಲಿದ್ದಾಕೆ ಫೋನ್ ನೋಡುತ್ತಿದ್ದಳು; ಆಕೆ ನಿರಪರಾಧಿಯೆಂದು ನಾವು ಹೇಳುತ್ತಿಲ್ಲ. ಆದರೆ ಕಂಪೆನಿಯ ಮೇಲೆ ಕ್ರಿಮಿನಲ್ ಮೊಕದ್ದಮೆಗೆ ಆಧಾರವಿಲ್ಲವೆಂದು 2019ರಲ್ಲಿ ಸರಕಾರಿ ವಕೀಲರು ಕೈತೊಳೆದುಕೊಂಡರು. 2023ರಲ್ಲಿ ತಪ್ಪೊಪ್ಪಿಕೊಂಡು ಶಿಕ್ಷೆಗೆ ಗುರಿಯಾದದ್ದು ಸಂಬಳಕ್ಕೆ ಕೂತಿದ್ದ ಆ ಹೆಂಗಸು ಮಾತ್ರ.

ಬೇರೆ ದಾರಿಯೇ ಇಲ್ಲವೆಂದಲ್ಲ. 2019ರ ಅಪಘಾತವೊಂದರಲ್ಲಿ ಟೆಸ್ಲಾ ಕಂಪೆನಿಯ ಹೊಣೆಯೂ ಶೇ. 33ರಷ್ಟಿದೆಯೆಂದು ಫ್ಲೋರಿಡಾದ ಜ್ಯೂರಿ 2025ರಲ್ಲಿ ತೀರ್ಮಾನಿಸಿತು.

ನಮ್ಮಲ್ಲಿ? ಬಸ್ಸು, ಲಾರಿಗಳಿಗೆ ತುರ್ತು ಬ್ರೇಕಿನ ಜೊತೆಗೆ, ಚಾಲಕ ತೂಕಡಿಸಿದರೆ ಎಚ್ಚರಿಸುವ ಯಂತ್ರವನ್ನೂ ಕಡ್ಡಾಯಗೊಳಿಸುವ ಕರಡು ನಿಯಮವನ್ನು ಕೇಂದ್ರ ಸರಕಾರ 2025ರಲ್ಲಿ ಹೊರಡಿಸಿತು. ಒಳ್ಳೆಯದೇ. ಮಂಗಳೂರಿನಿಂದ ಸರಕು ಹೇರಿಕೊಂಡು ನಡುರಾತ್ರಿ ಶಿರಾಡಿ ಘಾಟಿ ಹತ್ತುವವನ ಕಣ್ಣು ಮುಚ್ಚಿದರೆ ಅದು ಕೂಗಲಿ. ಆದರೆ ಆತ ತೂಕಡಿಸುವುದಾದರೂ ಯಾಕೆ ಸ್ವಾಮಿ? ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಸಬಾರದೆಂದು ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರಲ್ಲೇ ಹೇಳಿತ್ತು. ಬೆಳಗಾಗುವುದರೊಳಗೆ ಬೆಂಗಳೂರು ಮುಟ್ಟಿಸು, ತಡವಾದರೆ ಬಾಡಿಗೆ ಮುರಿಯುತ್ತೇನೆ ಎನ್ನುವ ಮಾಲೀಕರ ಮೇಜಿನ ಮೇಲೂ ಒಂದು ಯಂತ್ರ ಕೂಗಬೇಡವೇ?

ಚಾಲಕ ಎಷ್ಟು ಸಲ ತೂಕಡಿಸಿದನೆಂಬ ದಾಖಲೆ ಇಡುವುದಾದರೆ, ಆತ ಎಷ್ಟು ಗಂಟೆಯಿಂದ ನಿದ್ದೆಗೆಟ್ಟು ಓಡಿಸುತ್ತಿದ್ದ, ಯಾರ ಅಪ್ಪಣೆಯಂತೆ ಓಡಿಸುತ್ತಿದ್ದ ಎಂಬುದೂ ಅದೇ ಕಾಗದದಲ್ಲಿರಲಿ. ಅಪಘಾತವಾದಾಗ ಪೊಲೀಸರು ಎರಡನ್ನೂ ಓದಲಿ, ಮಾಲೀಕರನ್ನೂ ಠಾಣೆಗೆ ಕರೆಸಲಿ.