ಬೈಲಹೊಂಗಲ ಎಲ್ಲಿ ಕಳೆದುಹೋಯಿತು?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸುತ್ತಿನ ಲಾವಣಿ ಮತ್ತು ಚೌಡಿಕೆ ಪದಗಳು ನನ್ನ ಪಿಎಚ್‌.ಡಿ. ವಿಷಯ. ನಾನು ಬರೆದುಕೊಂಡ ಹಾಡುಗಳ ಜೊತೆಗೆ ಹಿರಿಯರೊಬ್ಬರು ಕೊಟ್ಟ ಹಳೆಯ ಕಡತಗಳನ್ನೂ ಒಂದು ಸಣ್ಣ ಡೇಟಾಬೇಸಿಗೆ ಸೇರಿಸಿ, ಹುಡುಕಲು ನಾಲ್ಕು ಸಾಲು ಕೋಡ್ ಬರೆದಿದ್ದೆ. ಚೆನ್ನಮ್ಮ ಸೆರೆಯಲ್ಲಿದ್ದು 1829ರಲ್ಲಿ ತೀರಿಕೊಂಡದ್ದು ಬೈಲಹೊಂಗಲದಲ್ಲಿ. ಆ ಹೆಸರು ಹಾಕಿ ಹುಡುಕಿದರೆ ಸಿಕ್ಕ ಹಾಡು ಬೆರಳೆಣಿಕೆಯಷ್ಟು. ‘ಕಿತ್ತೂರಿನ ಕದನವನ್ನು ಹಾಡಿದ ಜನ ಬೈಲಹೊಂಗಲದ ಸೆರೆಯನ್ನು ಮರೆತರು’ ಎಂದು ಅಧ್ಯಾಯದಲ್ಲಿ ಬರೆದೂಬಿಟ್ಟೆ.

ಆಮೇಲೆ ಕಡತಗಳನ್ನೇ ತೆರೆದು ಓದಿದೆ. ಹಾಡುಗಳು ಅಲ್ಲೇ ಇದ್ದವು. ಮರೆತದ್ದು ಜನ ಅಲ್ಲ, ಕಾಣದಿದ್ದದ್ದು ನನ್ನ ಕೋಡಿಗೆ.

ಯೂನಿಕೋಡಿನಲ್ಲಿ ‘ಬೈಲಹೊಂಗಲ’ವನ್ನು ಎರಡು ಬಗೆಯಲ್ಲಿ ಉಳಿಸಬಹುದು. ‘ಬೈ’ಯ ಐತ್ವಕ್ಕೂ ‘ಹೊ’ದ ಒತ್ವಕ್ಕೂ ಒಂದೊಂದೇ ಸಂಕೇತ ಬಳಸಿದರೆ ಇಡೀ ಹೆಸರಿಗೆ 8 ಸಂಕೇತ. ಎತ್ವ ಬೇರೆ, ಅದರ ಮುಂದಿನ ಗುರುತು ಬೇರೆ ಎಂದು ಒಡೆದರೆ 10. ಪರದೆಯ ಮೇಲೆ ಎರಡೂ ಒಂದೇ. ನುಡಿ, ಬರಹದ ಹಳೆಯ ಫಾಂಟುಗಳು ಅಕ್ಷರವನ್ನು ಕಣ್ಣಿಗೆ ಕಾಣುವ ತುಂಡುಗಳಾಗಿ ಇಡುತ್ತಿದ್ದವು. ಆ ಕಡತಗಳನ್ನು ತುಂಡಿಗೆ ತುಂಡು ಪರಿವರ್ತಿಸಿದ್ದರಿಂದ 10 ಬಂತು. ನಾನು ಟೈಪ್ ಮಾಡಿ ಹುಡುಕಿದ್ದು 8. ಎಸ್‌ಕ್ಯೂಲೈಟ್‌ನಂಥ ಡೇಟಾಬೇಸು ತಾನಾಗಿ ಹೋಲಿಸುವುದು ಬೈಟುಗಳನ್ನು, ಊರುಗಳನ್ನಲ್ಲ.

‘ರಾಮದುರ್ಗ’ದ ಕತೆಯೂ ಇಂಥದ್ದೇ. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ‘ಗ’ದ ನಂತರ ಕೂರುತ್ತದೆ, ಬರೆದಂತೆ. ಯೂನಿಕೋಡಿನಲ್ಲಿ ‘ರ್’ ಮೊದಲು, ನುಡಿದಂತೆ. ಕಂಡಂತೆ ಉಳಿಸಬೇಕೋ, ನುಡಿದಂತೆ ಉಳಿಸಬೇಕೋ? ಇದು ಕೇವಲ ತಾಂತ್ರಿಕ ಪ್ರಶ್ನೆಯೇ?

‘ಅದೆಲ್ಲ ಕಂಪ್ಯೂಟರಿನವರ ಕೆಲಸ’ ಎಂಬ ಮಾತು ನಮ್ಮ ಸಾಹಿತ್ಯ ವಲಯದಲ್ಲಿ ಸಲೀಸಾಗಿ ಕೇಳುತ್ತದೆ. ನಾನು ಒಪ್ಪುವುದಿಲ್ಲ. ಓಲೆಗರಿಯ ಒಂದು ಪಾಠಾಂತರಕ್ಕೆ ಪುಟಗಟ್ಟಲೆ ಟಿಪ್ಪಣಿ ಬರೆಯುವ ನಾವು, ಪಠ್ಯ ಡೇಟಾಬೇಸಿನೊಳಗೆ ಯಾವ ರೂಪದಲ್ಲಿ ಕೂತಿದೆ ಎಂದು ಕೇಳುವುದೇ ಇಲ್ಲ. ಉಳಿಸುವ ರೂಪವನ್ನು ಆರಿಸುವುದೂ ಗ್ರಂಥಸಂಪಾದನೆಯೇ. ನಾವು ಆರಿಸದಿದ್ದರೆ ಯಾವುದೋ ತಂತ್ರಾಂಶ ನಮ್ಮ ಪರವಾಗಿ ಆರಿಸಿರುತ್ತದೆ.

ಹಾಗಾದರೆ ಸಾಹಿತ್ಯದ ವಿದ್ಯಾರ್ಥಿಗಳೆಲ್ಲ ಪ್ರೋಗ್ರಾಮರ್ ಆಗಬೇಕೇ? ಬೇಡ. ಮೂರು ವಿಷಯ ಗೊತ್ತಿದ್ದರೆ ಸಾಕು. ಬಂದ ಪಠ್ಯವನ್ನು ಮುಟ್ಟದೆ ಒಂದು ಕಾಲಮ್ಮಿನಲ್ಲಿ ಇಡಬೇಕು. ಹುಡುಕಲೆಂದು ಸಂಕೇತಗಳನ್ನು ಏಕರೂಪಗೊಳಿಸಿದ ಪ್ರತಿಯನ್ನು ಪಕ್ಕದಲ್ಲಿ ಇಡಬೇಕು. ಪೈಥಾನಿನಲ್ಲಿ ಇದು ಒಂದೇ ಸಾಲಿನ ಕೆಲಸ. ಒಳಗೆ ಹೋಗುವ ಹಾಡೂ ಹುಡುಕುವ ಪದವೂ ಅದೇ ಒಂದು ಫಂಕ್ಷನ್ ದಾಟಿ ಬರಬೇಕು. ಜನಪದದ ಮಾತು ಶಿಷ್ಟವಾಗಿಬಿಡುತ್ತದೆ ಎಂಬ ಭಯ ಬೇಡ: ‘ಹೋಗ್ಯಾಳ’ ‘ಹೋಗ್ಯಾಳ’ ಆಗಿಯೇ ಉಳಿಯುತ್ತದೆ. ಬದಲಾಗುವುದು ಸಂಕೇತ, ಉಚ್ಚಾರವಲ್ಲ.

ಆ ವಾಕ್ಯವನ್ನು ನಾನು ಅಳಿಸಿದೆ. ಅಂಥದ್ದೇ ವಾಕ್ಯಗಳು ಇನ್ನೆಷ್ಟು ಪ್ರಬಂಧಗಳಲ್ಲಿ ಉಳಿದಿವೆಯೋ! ಜನರ ಹಾಡಿನಲ್ಲಿ ಇಂಥದ್ದು ‘ಇಲ್ಲ’ ಎಂದು ಬರೆಯುವವರು, ಆ ಹಾಡನ್ನು ಹೇಗೆ ಉಳಿಸಿದ್ದೇವೆ ಎಂಬುದನ್ನೂ ಅದೇ ಪುಟದಲ್ಲಿ ಬರೆಯಲಿ.